ಪುಸ್ತಕ ಮುಚ್ಚಿಟ್ಟು ಓದುವುದು: ಪದವಿ ವಿದ್ಯಾರ್ಥಿಗಳಿಗೆ ಅಧ್ಯಯನದ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ, ಊರು ಯಾವುದೇ ಇರಲಿ, ಪರೀಕ್ಷೆ ಬರೆದು ಹೊರಗೆ ಬಂದ ಹುಡುಗ ಹುಡುಗಿಯರ ಬಾಯಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: “ಎಲ್ಲಾ ಓದಿದ್ದೆರಿ ಸರ್, ಬರಿಯೋ ಮುಂದ ನೆನಪಿಗೇ ಬರಲಿಲ್ರಿ.” ಈ ಮಾತಿನಲ್ಲಿ ಸುಳ್ಳಿಲ್ಲ. ಅವರು ಓದಿರುತ್ತಾರೆ, ನಿದ್ದೆಗೆಟ್ಟು ಓದಿರುತ್ತಾರೆ. ಹಾಗಿದ್ದೂ ಕೈಗೆ ಬರಲಿಲ್ಲವೆಂದರೆ ಓದಿದ ರೀತಿಯನ್ನೇ ನೋಡಬೇಕಾಗುತ್ತದೆ.

ನಾವು ಸಾಮಾನ್ಯವಾಗಿ ಓದುವುದು ಹೇಗೆ? ನೋಟ್ಸ್ ಬಿಡಿಸಿ ಒಂದು ಸಲ ಓದುತ್ತೇವೆ, ಮುಖ್ಯ ಅನಿಸಿದ್ದರ ಕೆಳಗೆ ಗೆರೆ ಹಾಕುತ್ತೇವೆ, ಮತ್ತೆರಡು ಸಲ ಕಣ್ಣಾಡಿಸುತ್ತೇವೆ. ಮೂರನೇ ಸಲಕ್ಕೆ ಎಲ್ಲವೂ ಪರಿಚಿತ ಅನಿಸುತ್ತದೆ. ಆ ಪರಿಚಯವನ್ನೇ ಕಲಿಕೆ ಎಂದು ನಂಬುತ್ತೇವೆ. ಪರೀಕ್ಷೆಯಲ್ಲಿ ಪುಟ ಎದುರಿಗಿರುವುದಿಲ್ಲ, ಖಾಲಿ ಹಾಳೆ ಇರುತ್ತದೆ. ಕಂಡದ್ದನ್ನು ಗುರುತಿಸುವುದು ಒಂದು ಶಕ್ತಿ, ಕಾಣದ್ದನ್ನು ನೆನಪಿನಿಂದ ಹೊರತೆಗೆಯುವುದು ಇನ್ನೊಂದು. ಮೊದಲನೆಯದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಎರಡನೆಯದನ್ನು ನೇರ ಪರೀಕ್ಷಾ ಕೊಠಡಿಯಲ್ಲೇ ಮೊದಲ ಬಾರಿ ಮಾಡಲು ಹೋಗುತ್ತೇವೆ.

2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಚಿಕ್ಕ ಪಾಠವೊಂದನ್ನು ಎರಡು ಸಲ ಓದಿಸುವುದು ಒಂದು ವಿಧ. ಒಂದು ಸಲ ಓದಿಸಿ, ಆಮೇಲೆ ಪಾಠ ನೋಡದೆ ನೆನಪಾದದ್ದನ್ನು ಬರೆಸುವುದು ಇನ್ನೊಂದು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಅವರಿಗೆ ಶೇಕಡ 81ರಷ್ಟು ನೆನಪಿತ್ತು, ಬರೆದವರಿಗೆ 75. ಒಂದು ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದವರಿಗೆ 42, ನೋಡದೆ ಬರೆದವರಿಗೆ 56. ಇಂಟರ್ನಲ್‌ಗೆ ಹಿಂದಿನ ರಾತ್ರಿ ಓದಿ ಪಾಸಾದವರು ಸೆಮಿಸ್ಟರ್ ಕೊನೆಗೆ ಕಂಗಾಲಾಗುವುದು ಯಾಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಕೆಳಗಿನ ಹಂತಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ. ಸಮಯ ಕಡಿಮೆ ಇದ್ದರೆ ನಾಲ್ಕನೇ ಹಂತವೊಂದನ್ನು ಇವತ್ತೇ ಶುರು ಮಾಡಿ, ಉಳಿದದ್ದನ್ನು ನಿಧಾನಕ್ಕೆ ಸೇರಿಸಿಕೊಳ್ಳಿ.

1. ಮೊದಲು ಸಿಲಬಸ್ ಮತ್ತು ಹಳೇ ಪ್ರಶ್ನೆಪತ್ರಿಕೆ

ಸೆಮಿಸ್ಟರಿನ ಮೊದಲ ವಾರ ಒಂದು ಗಂಟೆ ಇದಕ್ಕೆ ಇಡಿ. ವಿಶ್ವವಿದ್ಯಾಲಯದ ಸಿಲಬಸ್ಸನ್ನು ಝೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ. ಹಿಂದಿನ ಮೂರ್ನಾಲ್ಕು ವರ್ಷದ ಪ್ರಶ್ನೆಪತ್ರಿಕೆಗಳು ಕಾಲೇಜು ಗ್ರಂಥಾಲಯದಲ್ಲೋ ಸೀನಿಯರ್‌ಗಳ ಹತ್ತಿರವೋ ಸಿಗುತ್ತವೆ. ಯಾವ ಘಟಕದಿಂದ ಎರಡು ಅಂಕದ್ದು ಬರುತ್ತದೆ, ಯಾವುದರಿಂದ ಹತ್ತು ಅಂಕದ್ದು ಬರುತ್ತದೆ ಎಂದು ಪೆನ್ಸಿಲ್ಲಿನಿಂದ ಗುರುತು ಮಾಡಿ. ಹಳೇ ಪ್ರಶ್ನೆಗಳಿಗೆ ಮಾತ್ರ ಉತ್ತರ ಕಲಿತರೆ ಸಾಕು ಎನ್ನುವುದು ಇದರ ಅರ್ಥವಲ್ಲ. ಪಾಠ ಓದುವಾಗ ಯಾವ ಪ್ರಶ್ನೆ ತಲೆಯಲ್ಲಿರಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಗೈಡ್ ಕೊಳ್ಳುವುದಾದರೂ ಮೂಲಪುಸ್ತಕ ಒಂದು ಸಲ ಓದಿದ ಮೇಲೆ ಕೊಳ್ಳಿ. ಗೈಡಿನಲ್ಲಿ ಉತ್ತರ ಇರುತ್ತದೆ, ಆ ಉತ್ತರಕ್ಕೆ ಹೋದ ದಾರಿ ಇರುವುದಿಲ್ಲ.

2. ಓದುವ ಮುಂಚಿನ ಐದು ನಿಮಿಷ

ಅಧ್ಯಾಯವನ್ನು ಮೊದಲ ಸಾಲಿನಿಂದ ನೇರವಾಗಿ ಶುರು ಮಾಡಬೇಡಿ. ತಲೆಬರಹ, ಉಪಶೀರ್ಷಿಕೆ, ಚಿತ್ರ, ಕೋಷ್ಟಕ, ಕೊನೆಯ ಪ್ಯಾರಾ ಮತ್ತು ಅಭ್ಯಾಸದ ಪ್ರಶ್ನೆಗಳನ್ನು ಮೊದಲು ನೋಡಿ. ಆಮೇಲೆ ಪ್ರತಿ ಉಪಶೀರ್ಷಿಕೆಯನ್ನೂ ಪ್ರಶ್ನೆಯಾಗಿ ತಿರುಗಿಸಿ ಬರೆದುಕೊಳ್ಳಿ. “ಹಣದುಬ್ಬರದ ಕಾರಣಗಳು” ಎಂದಿದ್ದರೆ “ಬೆಲೆ ಏರುವುದು ಯಾಕೆ? ಬೇಡಿಕೆ ಹೆಚ್ಚಿದ್ದಕ್ಕೋ, ಉತ್ಪಾದನೆಯ ಖರ್ಚು ಹೆಚ್ಚಿದ್ದಕ್ಕೋ?” ಎಂದು ಬರೆಯಿರಿ. ತಪ್ಪು ಪ್ರಶ್ನೆ ಬರೆದರೂ ನಷ್ಟವಿಲ್ಲ, ಉತ್ತರ ಹುಡುಕುವ ಕಣ್ಣು ಎಚ್ಚರವಾಗಿರುತ್ತದೆ.

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಪ್ರಕಟಿಸಿದ ‘ಎಸ್‌ಕ್ಯೂ3ಆರ್’ ಕ್ರಮದ ಮೊದಲೆರಡು ಹೆಜ್ಜೆಗಳು ಇವೇ: ಮೇಲ್ನೋಟ ಮತ್ತು ಪ್ರಶ್ನೆ. ನಂತರದವು ಓದು, ಒಪ್ಪಿಸುವುದು, ಮತ್ತೆ ನೋಡುವುದು.

3. ಪ್ಯಾರಾಕ್ಕೊಮ್ಮೆ ನಿಂತು ಓದುವುದು

ಪೆನ್ಸಿಲ್ ಹಿಡಿದು ಓದಿ, ಆದರೆ ಮೊದಲ ಓದಿನಲ್ಲಿ ಗೆರೆ ಎಳೆಯಬೇಡಿ. ಯಾವುದು ಮುಖ್ಯ ಎಂದು ಆಗ ಗೊತ್ತಿರುವುದಿಲ್ಲ, ಹಾಗಾಗಿ ಪುಟವೆಲ್ಲ ಹಳದಿಯಾಗುತ್ತದೆ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಓದಿನ ವಿಧಾನಗಳ ಬಗ್ಗೆ ಅಲ್ಲಿಯವರೆಗೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಗೆರೆ ಹಾಕುವುದು ಮತ್ತು ಮತ್ತೆ ಮತ್ತೆ ಓದುವುದು ಕಡಿಮೆ ಉಪಯೋಗದ ಗುಂಪಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ಹಲವು ದಿನಗಳಿಗೆ ಹಂಚುವುದು ಮೇಲಿನ ಗುಂಪಿನಲ್ಲಿ ನಿಂತವು.

ಗೆರೆಯ ಬದಲು ಏನು ಮಾಡಬೇಕು? ಒಂದು ಉದಾಹರಣೆಯಲ್ಲೇ ನೋಡೋಣ. ಭೂಗೋಳ ಅಥವಾ ಅರ್ಥಶಾಸ್ತ್ರದ ಪಾಠದಲ್ಲಿ ಹೀಗೊಂದು ಪ್ಯಾರಾ ಇದೆ ಎಂದುಕೊಳ್ಳಿ:

“ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಜಲಾಶಯದ ಮೂಲ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿದ್ದರಿಂದ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಎಡದಂಡೆ ಕಾಲುವೆ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿಗೆ ನೀರು ಒಯ್ಯುತ್ತದೆ. ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಪ್ರದೇಶದಲ್ಲೂ ಭತ್ತ ಹರಡಿದ್ದರಿಂದ ಕೊನೆಭಾಗದ ರೈತರಿಗೆ ನೀರು ತಲುಪುವುದು ಕಷ್ಟವಾಗಿದೆ.”

ಗೆರೆ ಹಾಕುವವರು 1945, 1953, 133, 105 ಇವುಗಳ ಕೆಳಗೆ ಎಳೆದು ಮುಂದೆ ಹೋಗುತ್ತಾರೆ. ನೀವು ಅಲ್ಲಿಯೇ ನಿಂತು ಅಂಚಿನಲ್ಲಿ ಮೂರು ಬಗೆಯ ಪ್ರಶ್ನೆ ಬರೆಯಿರಿ. ಒಂದು, ಏನು: ಸಾಮರ್ಥ್ಯ ಎಷ್ಟು ಕಡಿಮೆಯಾಯಿತು? ಸುಮಾರು 28 ಟಿಎಂಸಿ, ಅಂದರೆ ಐದನೇ ಒಂದು ಪಾಲಿಗಿಂತ ಹೆಚ್ಚು. ಎರಡು, ಯಾಕೆ: ಹೂಳು ಎಲ್ಲಿಂದ ಬರುತ್ತದೆ? ಭತ್ತ ಬೆಳೆದರೆ ಕೊನೆಭಾಗಕ್ಕೇ ಯಾಕೆ ಪೆಟ್ಟು, ಕಾಲುವೆಯ ತಲೆಯಲ್ಲಿರುವವರಿಗೆ ಯಾಕಿಲ್ಲ? ಮೂರು, ಹಾಗಾದರೆ: ಕಳೆದುಹೋದ ನೀರಿಗೆ ಪರಿಹಾರವೇನು? ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಇದಕ್ಕೆ ಹೇಗೆ ಸಂಬಂಧಿಸುತ್ತದೆ? ಮಾನ್ವಿ ಅಥವಾ ಸಿರವಾರದ ಕಡೆಯ ವಿದ್ಯಾರ್ಥಿಗೆ ಕೊನೆಭಾಗ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಆ ಅನುಭವವನ್ನು ಪಾಠದ ಪಕ್ಕ ಒಂದು ಸಾಲಿನಲ್ಲಿ ಬರೆಯಿರಿ. 2024ರ ಆಗಸ್ಟ್‌ನಲ್ಲಿ ಇದೇ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಅದನ್ನೂ ಅಲ್ಲಿಯೇ ಸೇರಿಸಿ. ಪಾಠ ನಿಮ್ಮ ಬದುಕಿನ ಯಾವುದೋ ಸಂಗತಿಗೆ ತಗಲಿಕೊಂಡರೆ ನೆನಪಿಗೆ ತರುವ ದಾರಿಗಳು ಹೆಚ್ಚುತ್ತವೆ.

‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಪಾಠದಲ್ಲೇ ಸಿಗದಿದ್ದರೆ ಅದನ್ನು ಬಿಡಬೇಡಿ. ಬೇರೆ ಹಾಳೆಯಲ್ಲಿ ಬರೆದಿಟ್ಟು ಮರುದಿನ ತರಗತಿಯಲ್ಲಿ ಕೇಳಿ. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಮುಖ ಮೇಷ್ಟ್ರಿಗೆ ವರ್ಷಗಟ್ಟಲೆ ನೆನಪಿರುತ್ತದೆ.

4. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಎರಡು ಮೂರು ಪುಟ, ಅಥವಾ ಒಂದು ಉಪಶೀರ್ಷಿಕೆಯ ಭಾಗ ಮುಗಿದ ಕೂಡಲೇ ಪುಸ್ತಕ ಮುಚ್ಚಿ. ಹಿಂದೆ ನೋಡದೆ, ನೆನಪಾದದ್ದನ್ನೆಲ್ಲ ಬರೆಯಿರಿ. ಪೂರ್ಣ ವಾಕ್ಯ ಬೇಕಿಲ್ಲ, ಪದ, ಬಾಣ, ಚಿತ್ರ ಯಾವುದಾದರೂ ಸರಿ. ಕಾಗದ ಉಳಿಸಬೇಕೆಂದರೆ ಹಳೇ ನೋಟ್‌ಬುಕ್ಕಿನ ಖಾಲಿ ಪುಟ ಸಾಕು.

ಮೊದಲ ವಾರ ಇದು ಹಿಂಸೆ ಅನಿಸುತ್ತದೆ. ಈಗಷ್ಟೇ ಓದಿದ್ದರಲ್ಲಿ ಅರ್ಧವೂ ಬರುವುದಿಲ್ಲ, ‘ನನಗೆ ತಲೆಯೇ ಇಲ್ಲ’ ಎಂಬ ಯೋಚನೆ ಬರುತ್ತದೆ. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ. ಆ ತಿಣುಕಾಟದಲ್ಲೇ ನೆನಪು ಗಟ್ಟಿಯಾಗುತ್ತಿರುತ್ತದೆ. ಬರಲಿಲ್ಲವೆಂದು ತಕ್ಷಣ ಪುಟ ತಿರುಗಿಸದೆ ಒಂದೆರಡು ನಿಮಿಷ ಯೋಚಿಸಿ, ಆಮೇಲೆ ಪುಸ್ತಕ ತೆರೆಯಿರಿ. ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ, ತಪ್ಪಿದ್ದನ್ನು ತಿದ್ದಿ. ಮುಂದಿನ ಸಲ ಓದಬೇಕಾದ್ದು ಆ ಬೇರೆ ಬಣ್ಣದ್ದನ್ನೇ, ಇಡೀ ಪಾಠವನ್ನಲ್ಲ. ಸಮಯ ಉಳಿಯುವುದು ಇಲ್ಲಿ.

ಬರೆಯಲು ಆಗದ ಕಡೆ ಬಾಯಲ್ಲಿ ಹೇಳಿ. ಮನೆಯಲ್ಲಿ ತಂಗಿಯನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಪಾಠ ತಿಳಿಸಿಕೊಡಿ. ಇಳಿಯುತ್ತಾ ಹೋಗುವ ಸೀಮಾಂತ ತುಷ್ಟಿಗುಣದ ನಿಯಮವನ್ನು ಅಜ್ಜಿಗೆ ಹೇಳಬೇಕೆಂದರೆ ಪುಸ್ತಕದ ವ್ಯಾಖ್ಯೆ ಕೆಲಸಕ್ಕೆ ಬರುವುದಿಲ್ಲ. “ಹಸಿದಾಗ ಒಗ್ಗರಣಿ ಜೊತೆ ಮೊದಲನೇ ಮಿರ್ಚಿ ಎಷ್ಟು ರುಚಿ ಇರತೈತಿ, ಎರಡನೇದು ಅದಕ್ಕಿಂತ ತುಸು ಕಡಿಮಿ, ಐದನೇದು ಬ್ಯಾಡೇ ಬ್ಯಾಡ ಅನಸ್ತೈತಿ” ಎಂದು ನಿಮ್ಮದೇ ಉದಾಹರಣೆ ಕಟ್ಟಬೇಕಾಗುತ್ತದೆ. ಅಜ್ಜಿ “ಮತ್ತ ಐದನೇದಕ್ಕೂ ಅಷ್ಟೇ ರೊಕ್ಕ ಯಾಕ ಕೊಡಬೇಕು?” ಎಂದು ಕೇಳಿದರೆ ನೀವು ಮುಂದಿನ ಅಧ್ಯಾಯಕ್ಕೇ ಬಂದಿರುತ್ತೀರಿ.

ಬಾಯಿಪಾಠ ಬೇಡವೇ ಎಂದು ಕೆಲವರು ಕೇಳುತ್ತಾರೆ. ಸೂತ್ರ, ವ್ಯಾಖ್ಯೆ, ಕಾಯ್ದೆಯ ಕಲಂ, ಇಸವಿಗಳು ಬಾಯಿಗೆ ಬರಲೇಬೇಕು. ಅರ್ಥ ಗೊತ್ತಿಲ್ಲದ ಹತ್ತು ಅಂಕದ ಉತ್ತರವನ್ನು ಬಾಯಿಪಾಠ ಮಾಡುವುದು ಮಾತ್ರ ದೊಡ್ಡ ಅಪಾಯ. ಮಧ್ಯದ ಒಂದು ಸಾಲು ತಪ್ಪಿದರೆ ಉಳಿದದ್ದೆಲ್ಲ ಕೈಬಿಡುತ್ತದೆ.

5. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪುಸ್ತಕ ಹಿಡಿದವರಿಗೆ

ನಮ್ಮ ಮೂರು ಜಿಲ್ಲೆಗಳಲ್ಲಿ ಓದಿನ ವಿಧಾನದ ಬಗ್ಗೆ ಮಾತಾಡಿ ಇದನ್ನು ಬಿಟ್ಟರೆ ಮಾತೇ ಅರ್ಧವಾಗುತ್ತದೆ. ಕುಷ್ಟಗಿ, ದೇವದುರ್ಗ, ಸಿರುಗುಪ್ಪದ ಹಳ್ಳಿಗಳಿಂದ ಬಂದು ಬಿಎಸ್‌ಸಿ, ಬಿಕಾಂ, ಬಿಸಿಎ ಸೇರಿದ ಎಷ್ಟೋ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಸೋಲುವುದು ವಿಷಯಕ್ಕಲ್ಲ, ಭಾಷೆಗೆ.

ಹೊಸ ವಿಷಯವನ್ನು ಮೊದಲು ಕನ್ನಡದಲ್ಲಿ ಓದಿ. ಹೈಸ್ಕೂಲು, ಪಿಯುಸಿಯ ಕನ್ನಡ ಪಠ್ಯಗಳಲ್ಲಿ ಹೆಚ್ಚಿನ ವಿಷಯಗಳ ಬುನಾದಿ ಸಿಗುತ್ತದೆ. ವಿಷಯದ ಚೌಕಟ್ಟು ತಲೆಯಲ್ಲಿ ಕೂತ ಮೇಲೆ ಇಂಗ್ಲಿಷ್ ಅಧ್ಯಾಯ ತೆಗೆಯಿರಿ. ಮೊದಲ ಓದಿನಲ್ಲಿ ಪ್ರತಿ ಪದಕ್ಕೂ ಡಿಕ್ಷನರಿ ನೋಡಿದರೆ ಒಂದು ಪುಟಕ್ಕೆ ಒಂದು ಗಂಟೆ ಹೋಗಿ ಬೇಸರ ಬರುತ್ತದೆ. ಗೊತ್ತಿಲ್ಲದ ಪದಗಳಿಗೆ ಚುಕ್ಕಿ ಇಟ್ಟು ಮುಂದೆ ಹೋಗಿ. ಪುಟದಲ್ಲಿ ಮೂರ್ನಾಲ್ಕು ಸಲ ಬಂದ ಪದ ಮತ್ತು ವಾಕ್ಯದ ಅರ್ಥವನ್ನೇ ತಡೆಯುವ ಪದ, ಇವೆರಡನ್ನು ಮಾತ್ರ ಹುಡುಕಿ.

ನೋಟ್‌ಬುಕ್ಕಿನ ಹಿಂದಿನಿಂದ ಪ್ರತಿ ವಿಷಯಕ್ಕೂ ಒಂದು ಪದಪಟ್ಟಿ ಶುರು ಮಾಡಿ: ಪಾರಿಭಾಷಿಕ ಪದ, ನಿಮ್ಮ ಮಾತಿನಲ್ಲಿ ಕನ್ನಡ ಅರ್ಥ, ಒಂದು ಉದಾಹರಣೆ. ದಿನಕ್ಕೆ ಐದು ಪದವಾದರೂ ಒಂದು ತಿಂಗಳಿಗೆ 150 ಆಗುತ್ತವೆ. ಒಂದೇ ವಿಷಯದಲ್ಲಿ ಮತ್ತೆ ಮತ್ತೆ ಬರುವ ಪದಗಳ ದೊಡ್ಡ ಪಾಲನ್ನು ಅಷ್ಟರಲ್ಲಿ ಮುಟ್ಟಿರುತ್ತೀರಿ.

ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವಾಗ ಮೊದಲ ಸಲ ಕನ್ನಡದಲ್ಲಿ ಹೇಳಿ, ಎರಡನೇ ಸಲ ಇಂಗ್ಲಿಷಿನಲ್ಲಿ ಬರೆಯಿರಿ. ವಾಕ್ಯಗಳು ಚಿಕ್ಕದಾಗಿರಲಿ, ಎಂಟು ಹತ್ತು ಪದ ಮೀರದಿರಲಿ. ಉದ್ದ ವಾಕ್ಯದಲ್ಲಿ ವ್ಯಾಕರಣ ತಪ್ಪಿದರೆ ವಿಷಯವೂ ತಪ್ಪಿದಂತೆ ಕಾಣುತ್ತದೆ. ಬಿಎ, ಬಿಕಾಂನಲ್ಲಿ ಕನ್ನಡದಲ್ಲೇ ಉತ್ತರ ಬರೆಯುವ ಅವಕಾಶವಿದ್ದರೆ ಯಾವ ಭಾಷೆ ಎಂದು ಸೆಮಿಸ್ಟರಿನ ಆರಂಭದಲ್ಲೇ ತೀರ್ಮಾನಿಸಿ, ನಡುವೆ ಬದಲಾಯಿಸಬೇಡಿ. ಕನ್ನಡದಲ್ಲಿ ಅರ್ಥವಾದದ್ದು ಪೂರ್ತಿ ಅರ್ಥವಾದದ್ದೇ. ಅದಕ್ಕೆ ಯಾರೆದುರೂ ಕುಗ್ಗಬೇಕಾಗಿಲ್ಲ.

6. ಮರೆಯುವ ಮೊದಲು ಮತ್ತೆ ನೋಡುವುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ ಎಂಬುದು ಅವನು ಕಂಡದ್ದು. ಹಾಗಾಗಿ ಮೊದಲ ಪುನರಾವರ್ತನೆ ಬೇಗ ಆಗಬೇಕು, ನಂತರದ ಅಂತರ ಹಿಗ್ಗುತ್ತಾ ಹೋಗಬಹುದು.

ಹತ್ತಿ ಹೊಲಕ್ಕೆ ತಿಂಗಳ ನೀರನ್ನು ಒಂದೇ ದಿನ ಬಿಟ್ಟರೆ ಹರಿದುಹೋಗುವುದೇ ಹೆಚ್ಚು. ಓದೂ ಹಾಗೆ, ಸರದಿಯ ಮೇಲೆ ಬೇಕು. ಇವತ್ತು ಓದಿದ್ದನ್ನು ನಾಳೆ ಹತ್ತು ನಿಮಿಷ, ನಾಲ್ಕನೇ ದಿನ ಹತ್ತು ನಿಮಿಷ, ಹತ್ತನೇ ದಿನ ಐದು ನಿಮಿಷ, ತಿಂಗಳಿಗೊಮ್ಮೆ ಐದು ನಿಮಿಷ. ಈ ಅಂಕಿಗಳನ್ನು ನಿಯಮದಂತೆ ಹಿಡಿಯಬೇಡಿ, ನಿಮ್ಮ ವೇಳಾಪಟ್ಟಿಗೆ ಹೊಂದಿಸಿಕೊಳ್ಳಿ. ಒಂದು ಮಾತ್ರ ಬದಲಾಗಬಾರದು: ಪ್ರತಿ ಸಲವೂ ಮೊದಲು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು, ಆಮೇಲೆ ತೆರೆದು ನೋಡಬೇಕು.

ಇದಕ್ಕೆ ಚೀಟಿಗಳು ಒಳ್ಳೆಯ ಸಾಧನ. ಮನೆಯಲ್ಲಿ ಬಿದ್ದಿರುವ ಹಳೇ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಎರಡೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ಅಂಟಿಸಿ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಒಂದು ಚೀಟಿಗೆ ಒಂದೇ ಸಂಗತಿ. ಮೂರು ಡಬ್ಬಿ ಇಟ್ಟುಕೊಳ್ಳಿ: ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಎಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಈ ಕ್ರಮವನ್ನು ‘ಅಂಕಿ’ಯಂಥ ಮೊಬೈಲ್ ಆ್ಯಪ್‌ಗಳು ಬೇರೆ ರೂಪದಲ್ಲಿ ಮಾಡುತ್ತವೆ. ಕಾಗದದ ಚೀಟಿಗೆ ನೋಟಿಫಿಕೇಶನ್ ಬರುವುದಿಲ್ಲ, ಹಾಗಾಗಿ ನನ್ನ ಮತ ಕಾಗದಕ್ಕೇ.

7. ಲೆಕ್ಕದ ವಿಷಯಗಳು

ಗಣಿತ, ಅಕೌಂಟೆನ್ಸಿ, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ಓದಿದರೆ ಬರುವುದಿಲ್ಲ. ಬಿಡಿಸಿದ ಲೆಕ್ಕವನ್ನು ನೋಡುತ್ತಾ ಹೋದರೆ ಪ್ರತಿ ಸಾಲೂ ಸರಿ ಅನಿಸುತ್ತದೆ, ಮುಂದಿನ ಸಾಲು ಹೊಳೆಯಬೇಕಾದ್ದು ನಿಮಗೆ ಎಂಬುದು ಮರೆತುಹೋಗುತ್ತದೆ. ಉದಾಹರಣೆಯ ಲೆಕ್ಕದ ಮೇಲೆ ಕಾಗದ ಮುಚ್ಚಿ, ಒಂದೊಂದೇ ಸಾಲು ಸರಿಸುತ್ತಾ, ಮುಂದಿನ ಸಾಲು ಏನೆಂದು ಮೊದಲೇ ಬರೆದು ನೋಡಿ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡುವುದಕ್ಕಿಂತ ಬೇರೆ ಬೇರೆ ಬಗೆಯವನ್ನು ಕಲಸಿ ಮಾಡುವುದು ಮೇಲು. ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ಆರಿಸುವುದೂ ಪರೀಕ್ಷೆಯಲ್ಲಿ ನಿಮ್ಮದೇ ಕೆಲಸ.

8. ತರಗತಿಯ ನೋಟ್ಸ್

ಪುಟದ ಎಡಗಡೆ ಮೂರನೇ ಒಂದು ಭಾಗ ಖಾಲಿ ಬಿಟ್ಟು ಬಲಗಡೆ ಬರೆದುಕೊಳ್ಳಿ. ಅದೇ ದಿನ ಸಂಜೆ ಎಡಗಡೆ ಪ್ರಶ್ನೆಗಳನ್ನು ಬರೆದು, ಬಲಭಾಗ ಮುಚ್ಚಿ ಉತ್ತರ ಹೇಳಿ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಹೇಳಿಕೊಟ್ಟ ಕ್ರಮ ಇದು. ಮೇಷ್ಟ್ರು ಡಿಕ್ಟೇಶನ್ ಕೊಡುವ ತರಗತಿಯಲ್ಲೂ ಇದನ್ನು ಮಾಡಬಹುದು.

9. ಬಿಸಿಲು, ಬಸ್ಸು, ಹಾಸ್ಟೆಲ್, ಮೊಬೈಲ್

ರಾಯಚೂರಿನ ಏಪ್ರಿಲ್, ಮೇ ಗೊತ್ತಿದ್ದವರು ‘ಮಧ್ಯಾಹ್ನ ಎರಡರಿಂದ ಐದರವರೆಗೆ ಓದಿ’ ಎಂದು ಹೇಳುವುದಿಲ್ಲ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಕರೆಂಟೂ ಹೋದ ತಗಡಿನ ಕೋಣೆಯಲ್ಲಿ ತಲೆ ಓಡುವುದಿಲ್ಲ, ಅದು ಸೋಮಾರಿತನವೂ ಅಲ್ಲ. ಕಷ್ಟದ ವಿಷಯವನ್ನು ಬೆಳಗ್ಗೆ ಐದರಿಂದ ಏಳೂವರೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಕಾಲೇಜು ಗ್ರಂಥಾಲಯ ಅಥವಾ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಊರಲ್ಲೇ ಇರುವವರು ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ವಿಚಾರಿಸಿ. ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಓಡಾಡುತ್ತಾ ದಿನದ ಪಾಠ ಒಪ್ಪಿಸಿಕೊಳ್ಳಿ, ಅದಕ್ಕೆ ದೀಪ ಬೇಕಾಗಿಲ್ಲ.

ದಿನಾ ಬಸ್ಸಿನಲ್ಲಿ ಓಡಾಡುವವರು ಬಸ್ಸಿನಲ್ಲಿ ಹೊಸ ಪಾಠ ಓದಬೇಡಿ. ನೂಕುನುಗ್ಗಲಲ್ಲಿ ಅದು ತಲೆಗೆ ಹೋಗುವುದಿಲ್ಲ. ಚೀಟಿಗಳಿಗೆ ಮಾತ್ರ ಆ ಸಮಯ ಸರಿ. ನಿಂತುಕೊಂಡೇ ಹತ್ತು ಚೀಟಿ ಮುಗಿಸಬಹುದು.

ಹಾಸ್ಟೆಲಿನಲ್ಲಿ ಗದ್ದಲವಿದ್ದರೆ ಕಾಲೇಜು ಶುರುವಾಗುವ ಒಂದು ಗಂಟೆ ಮೊದಲು ಖಾಲಿ ತರಗತಿಗೆ ಹೋಗಿ ಕೂರಿ. ಓದುವ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಕಪಾಟಿನಲ್ಲಾದರೂ ಇರಲಿ. ಕೈಗೆಟುಕುವ ಕಡೆ ಬೋರಲು ಇಟ್ಟರೆ ಸಾಲದು. ನೋಟ್ಸೆಲ್ಲ ವಾಟ್ಸ್‌ಆ್ಯಪ್ ಪಿಡಿಎಫ್‌ನಲ್ಲೇ ಇದ್ದರೆ ಮುಖ್ಯ ಅಧ್ಯಾಯಗಳನ್ನು ಪ್ರಿಂಟ್ ಹಾಕಿಸಿ. 25 ನಿಮಿಷ ಓದಿ ಐದು ನಿಮಿಷ ಬಿಡುವು ಎಂಬ ಲೆಕ್ಕ ಬಹಳ ಜನಕ್ಕೆ ಹೊಂದುತ್ತದೆ. ಆ ಐದು ನಿಮಿಷದಲ್ಲಿ ನೀರು ಕುಡಿಯಿರಿ, ನಡೆದಾಡಿ, ರೀಲ್ಸ್ ಮಾತ್ರ ಬೇಡ.

ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ದಿನಗಳಲ್ಲಿ ಮನೆಯವರ ಜೊತೆ ಹೊಲಕ್ಕೆ ಹೋಗಲೇಬೇಕಾದ ವಿದ್ಯಾರ್ಥಿಗಳಿದ್ದಾರೆ. ನಿಮ್ಮ ವೇಳಾಪಟ್ಟಿ ಬೇರೆಯವರಂತೆ ಇರಲು ಸಾಧ್ಯವಿಲ್ಲ. ಆ ವಾರಗಳಲ್ಲಿ ಹೊಸ ಪಾಠ ಇಟ್ಟುಕೊಳ್ಳಬೇಡಿ, ರಾತ್ರಿ ಇಪ್ಪತ್ತು ನಿಮಿಷ ಚೀಟಿ ನೋಡಿದರೆ ಸಾಕು. ಓದಿದ್ದು ಕೈಬಿಟ್ಟು ಹೋಗದಂತೆ ಅಷ್ಟು ಕಾಯುತ್ತದೆ. ಕೆಲಸ ಮುಗಿದ ಮೇಲೆ ಹೊಸದನ್ನು ಹಿಡಿಯಿರಿ.

10. ಗುಂಪಿನಲ್ಲಿ ಓದುವುದು

ಮೂರು ಅಥವಾ ನಾಲ್ಕು ಜನ, ಅದಕ್ಕಿಂತ ಹೆಚ್ಚು ಬೇಡ. ಎಲ್ಲರೂ ಪಾಠ ಓದಿಕೊಂಡೇ ಬರಬೇಕು. ಒಬ್ಬರು ಪುಸ್ತಕವಿಲ್ಲದೆ ಹೇಳಬೇಕು, ಉಳಿದವರು ಪುಸ್ತಕ ಹಿಡಿದು “ಇದು ಯಾಕಲೇ? ಅದು ಹೆಂಗ?” ಎಂದು ಕೇಳುತ್ತಿರಬೇಕು. ಎಲ್ಲರೂ ಪುಸ್ತಕ ತೆರೆದು ಕೂತರೆ ಅದು ಹರಟೆಯಾಗುತ್ತದೆ.

11. ಕೊನೆಯ ಹದಿನೈದು ದಿನ

ಹೊಸ ಅಧ್ಯಾಯ ಈಗ ಬೇಡ. ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಪೂರ್ತಿ ಸಮಯ ಕೂತು, ಕೈಯಲ್ಲಿ ಬರೆಯಿರಿ. ಪ್ರತಿ ವಿಷಯಕ್ಕೂ ಒಂದಾದರೂ ಹಾಗೆ ಬರೆಯಬೇಕು. ಎರಡು ಅಂಕದ ಪ್ರಶ್ನೆಗೆ ಅರ್ಧ ಪುಟ ಬರೆದು, ಹತ್ತು ಅಂಕದ್ದಕ್ಕೆ ಸಮಯ ಸಾಲದೆ ಹೋಗುವುದು ಇಲ್ಲೇ ಗೊತ್ತಾಗುತ್ತದೆ. ಬರೆದ ಉತ್ತರವನ್ನು ಮೇಷ್ಟ್ರಿಗೆ ತೋರಿಸಿ ಅಂಕ ಹಾಕಿಸಿಕೊಳ್ಳಿ. ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ.

ಹಿಂದಿನ ರಾತ್ರಿ ಹತ್ತೂವರೆಗೆ ಮಲಗಿ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸ ನಿದ್ದೆಯಲ್ಲಿ ನಡೆಯುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ಸೇರಿಸಿದ ನಾಲ್ಕು ಪುಟಕ್ಕಾಗಿ ಗೊತ್ತಿದ್ದ ನಲವತ್ತು ಪುಟ ಮಸುಕಾಗಬಾರದು.

ಪರೀಕ್ಷೆಯಲ್ಲಿ ಮೊದಲ ಐದು ನಿಮಿಷ ಪ್ರಶ್ನೆಪತ್ರಿಕೆ ಪೂರ್ತಿ ಓದಿ. ದೀರ್ಘ ಉತ್ತರ ಶುರು ಮಾಡುವ ಮುನ್ನ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ನಾಲ್ಕೈದು ಅಂಶಗಳನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿಕೊಳ್ಳಿ, ಬರೆದು ಮುಗಿದ ಮೇಲೆ ಹೊಡೆದುಹಾಕಿ. ಮನೆಗೆ ಬಂದ ಮೇಲೆ ಬರೆಯಲಾಗದ ಪ್ರಶ್ನೆಗಳಿಗೆ ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ: ಓದಿರಲಿಲ್ಲವೇ, ಓದಿ ಮರೆತಿದ್ದೇ, ಗೊತ್ತಿದ್ದೂ ಸಮಯ ಸಾಲಲಿಲ್ಲವೇ? ಓದಿರಲಿಲ್ಲವೆಂದರೆ ಮುಂದಿನ ಸೆಮಿಸ್ಟರಿನಲ್ಲಿ ಮೊದಲ ಹಂತಕ್ಕೆ, ಮರೆತಿದ್ದರೆ ನಾಲ್ಕು ಮತ್ತು ಆರನೇ ಹಂತಕ್ಕೆ, ಸಮಯ ಸಾಲದಿದ್ದರೆ ಗಡಿಯಾರ ಇಟ್ಟು ಬರೆಯುವ ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡಿ.